ಮಣ್ಣೆತ್ತೋ ಬಕೆಟ್‌ನಲ್ಲಿ ಮನುಷ್ಯ ನಿಲ್ಲಬಾರದು

ಎರಡು ವರ್ಷದ ಹಿಂದಿನ ಮೇ ತಿಂಗಳು. ಮಳೆಗಾಲಕ್ಕೆ ಮುಂಚೆ ಕಾಫಿ ತೋಟದ ಮರಗಸಿ ಮುಗಿಸೋ ಗಡಿಬಿಡಿ. ಮರ ಹತ್ತೋರು ಸಿಗಲಿಲ್ಲ. ರಸ್ತೆ ಕೆಲಸಕ್ಕೆ ಬಂದಿದ್ದ ಲೋಡರ್‌ನ ಬಕೆಟ್‌ನಲ್ಲಿ ನಾನೇ ಕತ್ತಿ ಹಿಡಿದು ನಿಂತೆ. ಸುಮಾರು 12 ಅಡಿ ಮೇಲೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆಗೆ ನೆನೆದಿದ್ದ ರಸ್ತೆಯಂಚು ಕುಸಿದು ಒಂದು ಚಕ್ರ ಕೆಳಗಿಳಿಯಿತು, ಬಕೆಟ್ ವಾಲಿತು. ಸಿಲ್ವರ್ ಓಕ್ ಕೊಂಬೆ ಕೈಗೆ ಸಿಕ್ಕಿದ್ದಕ್ಕೆ ಉಳಿದೆ. "ಅಣ್ಣಾ, ಅಲ್ಲಾಡಬೇಡಿ!" ಅಂತ ಆಪರೇಟರ್ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ತಪ್ಪು ಅವನದಲ್ಲ, ನನ್ನದು. ಬಕೆಟ್ ಇರೋದು ಮಣ್ಣೆತ್ತೋಕೆ. ಅದಕ್ಕೆ ಕಟಕಟೆಯಿಲ್ಲ, ಬೆಲ್ಟ್ ಸಿಕ್ಕಿಸೋ ಜಾಗವಿಲ್ಲ, ಮೇಲಿದ್ದವರ ಕೈಯಲ್ಲಿ ಲಿವರ್ ಕೂಡ ಇಲ್ಲ. ಬೂಮ್ ಲಿಫ್ಟ್‌ನ ಬುಟ್ಟಿಯಲ್ಲಿ ಈ ಮೂರೂ ಇವೆ. ಈಗ ಅಕ್ಕಪಕ್ಕದ ತೋಟದವರು ಸೇರಿ, ರಸ್ತೆ ಬದಿಯ ಮರಗಳಿಗೆ ಅದನ್ನೇ ಬಾಡಿಗೆಗೆ ತರಿಸ್ತೀವಿ. ಇಳಿಜಾರಿಗೆ ಇಳಿಸಲ್ಲ. ಆದರೆ ಒಳ್ಳೆ ಮಿಷನ್ ಬಂತು ಅಂತ ಮೈಮರೆಯೋ ಹಾಗಿಲ್ಲ. ನಾವು ಪಾಲಿಸೋ ಕ್ರಮ ಇದು.

ನೆಲ: ಚರಂಡಿ, ಹೊಸದಾಗಿ ತುಂಬಿದ ಮಣ್ಣು, ರಸ್ತೆಯಂಚು ಇವುಗಳಿಂದ ದೂರ ನಿಲ್ಲಿಸಿ. ಮಿಷನ್‌ಗೆ ಆನಿಕೆ ಕಾಲುಗಳಿದ್ದರೆ ಪೂರ್ತಿ ಇಳಿಸಿ, ಅಡಿಗೆ ದಪ್ಪ ಹಲಗೆ ಕೊಡಿ.

ತಂತಿ: ಮೊದಲು ತಲೆಯೆತ್ತಿ ನೋಡಿ. ತೋಟದ ಮೇಲೆ ಹಾದಿರೋ 11 ಕೆವಿ ಲೈನ್ ಮುಟ್ಟಲೇಬೇಕಂತಿಲ್ಲ, ತೀರಾ ಹತ್ತಿರ ಹೋದರೂ ಹೊಡೆಯುತ್ತೆ. ಬುಟ್ಟಿ, ಕತ್ತಿ, ಬೀಳೋ ಕೊಂಬೆ ಎಲ್ಲವೂ ಕನಿಷ್ಠ 10 ಅಡಿ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿದ್ದು ಖಾತ್ರಿಯಾದ ಮೇಲೇ ಶುರು ಮಾಡಿ.

ಬೆಲ್ಟ್: ಮೈಪೂರ್ತಿ ಹಾಕೋ ಹಾರ್ನೆಸ್ ಬೇಕು, ಸೊಂಟದ ಬೆಲ್ಟ್ ಸಾಲದು. ಕೊಂಡಿಯನ್ನು ಬುಟ್ಟಿಯಲ್ಲಿ ಗುರುತು ಮಾಡಿದ ಜಾಗಕ್ಕೇ ಸಿಕ್ಕಿಸಿ. ಮರಕ್ಕೆ ಕಟ್ಟಿದರೆ ಬುಟ್ಟಿ ಚಲಿಸಿದಾಗ ನಿಮ್ಮನ್ನೇ ಹೊರಗೆಳೆಯುತ್ತೆ. ಕೈಗೆಟುಕಲಿಲ್ಲ ಅಂತ ಕಟಕಟೆ ಮೇಲೆ ಕಾಲಿಡಬೇಡಿ, ಬುಟ್ಟಿಯನ್ನೇ ಸರಿಸಿ.

ತೂಕ ಮತ್ತು ಗಾಳಿ: ಎಷ್ಟು ಕೆಜಿ, ಎಷ್ಟು ಗಾಳಿ ತಡೆಯುತ್ತೆ ಅಂತ ಮಿಷನ್ ಮೇಲಿನ ಫಲಕದಲ್ಲೇ ಬರೆದಿರುತ್ತೆ. ಜನರ ಜೊತೆ ಗರಗಸದ ತೂಕವನ್ನೂ ಲೆಕ್ಕ ಹಾಕಿ. ಹೊರಗಡೆ ಬಳಸೋ ಹಲವು ಮಿಷನ್‌ಗಳಿಗೆ ಗಾಳಿಯ ಮಿತಿ ಗಂಟೆಗೆ 45 ಕಿ.ಮೀ. ಮೊಬೈಲ್‌ನ ಹವಾಮಾನ ಆ್ಯಪ್ ನೋಡಿ. ಆದರೆ ಕೊಂಬೆ ಜೋರಾಗಿ ತೂಗಾಡ್ತಿದ್ದರೆ ಆ್ಯಪ್ ಏನೇ ಹೇಳಲಿ, ಇಳಿದುಬಿಡಿ.

ಕೆಳಗಿರೋರು: ಬುಟ್ಟಿಯ ಕೆಳಗೆ ಯಾರೂ ಸುಳಿಯದ ಹಾಗೆ ಹಗ್ಗ ಕಟ್ಟಿ. ಮೇಲಿದ್ದವರಿಗೆ ಪ್ರಜ್ಞೆ ತಪ್ಪಿದರೆ ಬುಟ್ಟಿ ಇಳಿಸೋ ಲಿವರ್ ಕೆಳಗೂ ಇದೆ. ಕೆಲಸಕ್ಕೆ ಮುಂಚೆ ಒಮ್ಮೆ ಅದನ್ನು ಬಳಸಿ ನೋಡಿ.

ಇಷ್ಟಾದ ಮೇಲೂ ತಂತಿ ತಗುಲಿದರೆ? ಮೇಲಿದ್ದವರು ಬುಟ್ಟಿಯಲ್ಲೇ ಇರಲಿ, ಕೆಳಗಿನವರು ಮಿಷನ್ ಮುಟ್ಟದೆ ದೂರ ಸರಿದು 1912ಕ್ಕೆ, 112ಕ್ಕೆ ಫೋನ್ ಮಾಡಲಿ. ಅಣ್ಣನೋ ತಮ್ಮನೋ ಮೇಲಿದ್ದಾನೆ ಅಂತ ಓಡಿಹೋಗಿ ಮುಟ್ಟಿದರೆ ಎರಡು ಜೀವ ಹೋಗುತ್ತೆ.

ಇನ್ನು ರೀಲ್ಸ್ ವಿಷಯ. ಮೇಲಿಂದ ತೋಟ ಚೆನ್ನಾಗೇ ಕಾಣುತ್ತೆ, ನನಗೂ ಆಸೆ ಆಗುತ್ತೆ. ಆದರೂ ಫೋನ್ ಕೆಳಗಿರೋರ ಕೈಲಿ ಕೊಟ್ಟು ಹತ್ತಿ. ತೊಂದರೆ ಆದಾಗ ಅದು ಬೇಕಾಗೋದು ಅವರಿಗೆ.