ಅರ್ಧಕ್ಕೆ ನಿಂತ ಕೈಗೆಲಸಗಳು

ಉಣ್ಣೆಯ ಹೆಣಿಗೆ, ಕಸೂತಿ, ಕೌದಿ, ಈ ಮೂರನ್ನೂ ಏಕಕಾಲದಲ್ಲಿ ಕೈಗೆತ್ತಿಕೊಂಡ ಮನೆಗಳು ಶ್ರೋತೃಗಳಲ್ಲಿ ಅನೇಕವಿರಬಹುದು, ನಮ್ಮದೂ ಅಂತಹುದೇ. ಯಾವುದನ್ನು ಎಲ್ಲಿ ನಿಲ್ಲಿಸಬಹುದೆಂಬುದನ್ನು ಮೊದಲು ಅರಿಯಬೇಕು. ಕೌದಿಯು ಬಹು ಸಹನಶೀಲವಾದುದು. ಹಳೆಯ ಸೀರೆಗಳ ಪದರಗಳ ಮೇಲಿನ ಹೊಲಿಗೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಕಸೂತಿಯ ಗವಂತಿ ಹೊಲಿಗೆ ಹಾಗಲ್ಲ. ಬಟ್ಟೆಯ ಎಳೆಗಳನ್ನೆಣಿಸುತ್ತ ಸಾಗಿದ ಸೂಜಿಯು, ಬಿಟ್ಟ ಎಡೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಬೇಕು. ನಡುವೆ ಎದ್ದುಹೋಗಿ ಒಂದೆಳೆ ತಪ್ಪಿದರೆ ಗೋಪುರದ ಚಿತ್ರವು ಕೂಡುವುದೇ ಇಲ್ಲ. ಆದಕಾರಣ ಅದಕ್ಕೆ ಹಗಲಿನ ಬಿಡುವನ್ನೇ ಮೀಸಲಿಟ್ಟಿದ್ದೇವೆ. ಹೆಣಿಗೆಯನ್ನು ಸಾಲು ಮುಗಿಸಿಯೇ ಕೆಳಗಿಡಬೇಕು. ಸಾಲುಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದು ಜೊತೆಗಿಡುವುದು ಲೇಸು. ಆದರೆ ಮಗುವಿನ ಉಣ್ಣೆಯಂಗಿಯನ್ನು ಎಲ್ಲಕ್ಕಿಂತ ಮುಂಚೆ ಮುಗಿಸತಕ್ಕದ್ದು. ಬೆಳೆಯುವ ತೋಳು ನಮಗಾಗಿ ಕಾಯುವುದಿಲ್ಲ. ನಮ್ಮ ಹಿರಿಯವನಿಗೆಂದು ತೊಡಗಿದ ಅಂಗಿಯು ಎರಡು ಚಳಿಗಾಲ ಕಳೆದು ಈಗ ಕಿರಿಯವನ ಪಾಲಾಗಿದೆ. ಒಂದು ತೋಳು ಇನ್ನೂ ಬಾಕಿಯುಂಟು.