ಅಕ್ಕನ ಮೇಕಪ್ ಬಾಕ್ಸ್‌ನಲ್ಲಿ ಗುಳೇದಗುಡ್ಡ ಖಣ

ನಮ್ಮಕ್ಕನ ಮೇಕಪ್ ಬಾಕ್ಸ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಲಿಪ್‌ಸ್ಟಿಕ್ ಅಲ್ಲ, ಖಣದ ತುಂಡುಗಳು. ನಾಲ್ಕು ಬೆರಳಗಲದ ಇಪ್ಪತ್ತು-ಮೂವತ್ತು ತುಂಡುಗಳನ್ನು ದಾರಕ್ಕೆ ಪೋಣಿಸಿ ಇಟ್ಟುಕೊಂಡಿದ್ದಾಳೆ. ಮದುಮಗಳು ಟ್ರಯಲ್‌ಗೆ ಬಂದು ಕುಳಿತರೆ ಫೌಂಡೇಶನ್ ಶೇಡ್ ನೋಡುವ ಮೊದಲೇ ಒಂದೊಂದು ತುಂಡನ್ನು ಆಕೆಯ ಕೆನ್ನೆಯ ಪಕ್ಕ ಹಿಡಿದು ನೋಡುತ್ತಾಳೆ. ‘ಈ ಬಣ್ಣ ನಿಮ್ಮ ಮುಖಕ್ಕ ಭಾಳ ಒಪ್ತೈತ್ರಿ. ಇದರಾಗ ಕುಪ್ಪಸ ಹೊಲಿಸೋಣು, ಮೇಕಪ್ ಆಮ್ಯಾಲೆ ನೋಡೋಣು’ ಎನ್ನುತ್ತಾಳೆ.

ಅಕ್ಕ ಅಂದರೆ ನನ್ನ ದೊಡ್ಡಪ್ಪನ ಮಗಳು. ಫ್ಯಾಷನ್ ಡಿಸೈನಿಂಗ್‌ನಲ್ಲಿ ಡಿಪ್ಲೊಮಾ ಮುಗಿಸಿ ಬಾಗಲಕೋಟೆಯಲ್ಲಿ ಬ್ರೈಡಲ್ ಮೇಕಪ್ ಮಾಡುತ್ತಾಳೆ. ನಾನು ಅದೇ ಊರಲ್ಲಿ ಬಿಇ ಐದನೇ ಸೆಮಿಸ್ಟರ್, ಕಂಪ್ಯೂಟರ್ ಸೈನ್ಸ್. ನಮ್ಮಿಬ್ಬರ ಮನೆ ಗುಳೇದಗುಡ್ಡದಲ್ಲಿ. ದೊಡ್ಡಪ್ಪ ಖಣ ನೇಯುತ್ತಾರೆ.

ಖಣ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದು ಕುಪ್ಪಸಕ್ಕಾಗಿಯೇ ನೇಯ್ದ ಬಟ್ಟೆ. ಅಗಲ ಕಡಿಮೆ, ಎರಡೂ ಬದಿಗೆ ಅಂಚು, ನಡುವೆ ಹತ್ತಿರ ಹತ್ತಿರ ಕೂತ ಸಣ್ಣ ಸಣ್ಣ ಚಿತ್ತಾರ. ಹೊಲಿದಾಗ ಆ ಅಂಚು ತೋಳಿಗೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ. ದೇವಿಗೆ ಉಡಿ ತುಂಬುವಾಗಲೂ ಮುತ್ತೈದೆಗೆ ಉಡಿ ತುಂಬುವಾಗಲೂ ಖಣ ಬೇಕು. ಇಳಕಲ್ ಸೀರೆಯಂತೆ ಇದಕ್ಕೂ ಭೌಗೋಳಿಕ ಸೂಚಿಕೆಯ, ಅಂದರೆ ಜಿಐ ಮಾನ್ಯತೆ ಇದೆ.

ಮಾನ್ಯತೆ ಇದ್ದರೂ ನಮ್ಮ ಓಣಿಯಲ್ಲಿ ಲಾಳಿಯ ಸದ್ದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಪವರ್‌ಲೂಮ್‌ನಲ್ಲಿ ಅದೇ ಚಿತ್ತಾರದ ಬಟ್ಟೆ ಅಗ್ಗಕ್ಕೆ ಸಿಗುತ್ತದೆ. ಸಾವುಕಾರರು ನೂಲು ಕೊಡುತ್ತಾರೆ, ನೇಯ್ದು ಕೊಟ್ಟರೆ ಮಜೂರಿ ಕೊಡುತ್ತಾರೆ. ಬಣ್ಣವೂ ಅವರದೇ, ಬೆಲೆಯೂ ಅವರದೇ. ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಮಗ್ಗ ಕಿತ್ತು, ಅದರ ಕುಣಿ ಮುಚ್ಚಿ ಫರ್ಸಿ ಹಾಕಿಸಿದರು. ಆ ದಿನ ದೊಡ್ಡಪ್ಪ ಊಟ ಮಾಡಲಿಲ್ಲ.

ಆಗಲೇ ಅಕ್ಕ ತನ್ನ ಸೀಸನ್ ದುಡಿಮೆಯಲ್ಲಿ ತಾನೇ ನೂಲು ಕೊಂಡಳು. ‘ಅಪ್ಪಾ, ನನಗ ನೇಯ್ದು ಕೊಡು, ಮಾರೋದು ನನಗ ಬಿಡು’ ಅಂದಳು. ಹಳೆ ಚಿತ್ತಾರವನ್ನು ಹಾಗೇ ಉಳಿಸಿ ಬಣ್ಣ ಮಾತ್ರ ಬದಲಿಸಿದಳು. ಖಣದಲ್ಲಿ ಜಾಕೆಟ್, ಕುರ್ತಾದ ಯೋಕ್, ಉಳಿದ ಚೂರಿನಲ್ಲಿ ಮೊಬೈಲ್ ಚೀಲ ಹೊಲಿಸಿದಳು. ಮಾರಾಟದ ಲೆಕ್ಕ ಮತ್ತು ಇನ್‌ಸ್ಟಾಗ್ರಾಂ ಪೇಜ್ ನನ್ನ ಪಾಲಿಗೆ ಬಂತು.

ಕಳೆದ ವರ್ಷ ಬೆಂಗಳೂರಿನ ಒಂದು ಮದುವೆ ಮನೆಯವರು ಆ ಪೇಜ್ ನೋಡಿ 120 ಖಣ ಕೇಳಿದರು, ಇಪ್ಪತ್ತೇ ದಿನದಲ್ಲಿ. ದೊಡ್ಡಪ್ಪ ದಿನಕ್ಕೆ ನಾಲ್ಕು ನೇಯುತ್ತಾರೆ, ಹಾಗಾಗಿ 80 ಕೈಮಗ್ಗದ್ದು, ಉಳಿದ 40 ಪವರ್‌ಲೂಮ್‌ದು ಸೇರಿಸಿದರಾಯಿತು ಎಂದು ನಾನು ಐದು ನಿಮಿಷದಲ್ಲಿ ಲೆಕ್ಕ ಹಾಕಿದೆ. ‘ಯಾರಿಗೂ ಗೊತ್ತಾಗಂಗಿಲ್ಲಕ್ಕಾ’ ಅಂದೆ. ಅಕ್ಕ ಸಿಟ್ಟಾಗಲಿಲ್ಲ. ‘ನಮ್ಮಪ್ಪಗ ಗೊತ್ತಾಗತೈತಿ’ ಅಂದಳು, ಅಷ್ಟೇ. ಆದಷ್ಟನ್ನೇ ಕೊಡುತ್ತೇವೆ ಎಂದು ಅವರಿಗೆ ಫೋನ್ ಮಾಡಿ ತಿಳಿಸಿದಳು. ಅವರು ಪೂರ್ತಿ ಆರ್ಡರ್ ರದ್ದು ಮಾಡಿದರು. ಅಷ್ಟರಲ್ಲಿ ಅವರು ಕೇಳಿದ ಬಣ್ಣದ ನೂಲು ಮನೆಗೆ ಬಂದಾಗಿತ್ತು. ಅಕ್ಕನ ಉಳಿತಾಯವೆಲ್ಲ ಆ ನೂಲಿನಲ್ಲಿ ಸಿಕ್ಕಿಕೊಂಡಿತು.

ತಪ್ಪು ನನ್ನದು ಅನಿಸಿ ದಸರಾ ರಜೆಯಲ್ಲಿ ಊರಿಗೆ ಹೋಗಿ ಮಗ್ಗದ ಪಕ್ಕ ಕುಳಿತೆ. ಹುಟ್ಟಿದಾಗಿನಿಂದ ನೋಡಿದ ಮಗ್ಗವನ್ನು ಆವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಮೇಲಿನ ಡಾಬಿಯ ಪಟ್ಟಿಯಲ್ಲಿ ಗೂಟವಿದ್ದರೆ ಎಳೆಗಳು ಮೇಲೇಳುತ್ತವೆ, ಇಲ್ಲದಿದ್ದರೆ ಇಲ್ಲ. ನಾವು ಕ್ಲಾಸಿನಲ್ಲಿ ಓದುವ 1 ಮತ್ತು 0 ಇದೇ ಅಲ್ಲವೇ? ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರಂಧ್ರದ ಕಾರ್ಡುಗಳಿಂದ ಮಗ್ಗ ನಡೆಸಿದ. ಅದನ್ನೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಳಸಹೊರಟ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಕಥೆ ನಮ್ಮ ಮನೆಯ ಜಂತಿಗೇ ತೂಗುಬಿದ್ದಿತ್ತು.

ಆದರೆ ನನ್ನ ಕಣ್ಣು ತೆರೆಸಿದ್ದು ಡಾಬಿ ಅಲ್ಲ, ದೊಡ್ಡವ್ವ. ಒಂದು ಹಾಸು ಮುಗಿದರೆ ಹಳೆ ಹಾಸಿನ ಪ್ರತಿ ಎಳೆಗೂ ಹೊಸ ಹಾಸಿನ ಎಳೆಯನ್ನು ಕೈಯಿಂದ ಹೊಸೆದು ಸೇರಿಸಬೇಕು. ಆ ಎಳೆಗಳು ಸಾವಿರಗಟ್ಟಲೆ. ಅದನ್ನು ಮಾಡುವವಳು ಆಕೆ. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ ಕೊಡುವವಳೂ ಆಕೆ, ಅದೂ ರೊಟ್ಟಿ ಬಡಿದು ಮುಗಿಸಿದ ಮೇಲೆ. ನನ್ನ ‘ದಿನಕ್ಕೆ ನಾಲ್ಕು’ ಲೆಕ್ಕದಲ್ಲಿ ಹಾಸು ಕೂಡಿಸುವ ದಿನಗಳೇ ಇರಲಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ನೂಲು, ಬಣ್ಣ, ನೇಯ್ಗೆ, ಕೊರಿಯರ್ ಎಲ್ಲಕ್ಕೂ ಕಾಲಂ ಇತ್ತು. ದೊಡ್ಡವ್ವನಿಗೆ ಇರಲಿಲ್ಲ.

2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷ ಕೈಮಗ್ಗ ಕಾರ್ಮಿಕರಿದ್ದಾರೆ. ಅವರಲ್ಲಿ ಶೇ 72ರಷ್ಟು ಮಹಿಳೆಯರು. ಮಗ್ಗ ಎಂದ ಕೂಡಲೇ ಲಾಳಿ ಎಸೆಯುವ ಕೈ ಮಾತ್ರ ನೆನಪಾಗುವ ನನ್ನಂಥವರು ಇದನ್ನು ಓದಿಕೊಳ್ಳಬೇಕು.

ಅಕ್ಕನಿಗೆ ಶೀಟ್ ತೋರಿಸಿದೆ. ಹೊಸ ಕಾಲಂ ಸೇರಿಸಿದಾಗ ಖಣದ ಬೆಲೆ ಏರಿತು. ‘ಇಷ್ಟಕ್ಕ ಯಾರ್ ತಗೋತಾರ?’ ಎಂದು ಇಬ್ಬರಿಗೂ ಭಯ. ಅಕ್ಕನೇ ದಾರಿ ಕಂಡುಕೊಂಡಳು. ಉಳಿದ ನೂಲಿನ ಖಣಗಳನ್ನು ಮೇಕಪ್ ಟ್ರಯಲ್‌ಗೆ ಬಂದವರ ಮುಂದೆ ಹರಡಿದಳು. ಕೆನ್ನೆಗೆ ಹಿಡಿದು ತೋರಿಸಿದಳು, ಯಾರು ಹಾಸು ಕೂಡಿಸಿದರು, ಯಾರು ನೇಯ್ದರು ಎಂದು ಹೇಳಿದಳು. ಕೆಲವರು ‘ತುಟ್ಟಿ ಆತು’ ಎಂದು ಎದ್ದು ಹೋದರು. ಕೆಲವರು ತಾಯಿಗೂ ಸೇರಿಸಿ ಎರಡೆರಡು ತೆಗೆದುಕೊಂಡರು. ಆ ನೂಲು ಖಾಲಿಯಾಗಲು ಏಳು ತಿಂಗಳು ಹಿಡಿಯಿತು. ಈಗ ಮುಂಗಡ ಪಡೆದೇ ಹಾಸು ಹಾಕುತ್ತೇವೆ, ದಿನಗಳ ಲೆಕ್ಕ ದೊಡ್ಡವ್ವನನ್ನು ಕೇಳಿಯೇ ಹೇಳುತ್ತೇವೆ.

ಇಷ್ಟರಿಂದ ಓಣಿಯ ಮಗ್ಗಗಳೆಲ್ಲ ಉಳಿಯುತ್ತವೆ ಎಂದು ಹೇಳಲಾರೆ. ಮುಂದಿನ ವರ್ಷ ನನಗೂ ಪ್ಲೇಸ್‌ಮೆಂಟ್ ಇದೆ, ಬಹುಶಃ ನಾನೂ ಬೆಂಗಳೂರಿಗೇ ಹೋಗುತ್ತೇನೆ. ಆದರೆ ಆ ಶೀಟ್ ನನ್ನ ಜೊತೆಗೇ ಬರುತ್ತದೆ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಕಾಲೇಜಿನಲ್ಲಿ ಎಥ್ನಿಕ್ ಡೇ ಮಾಡಿ ಸೆಲ್ಫಿ ಹಾಕುತ್ತೀರಲ್ಲ, ಅದಕ್ಕೂ ಮೊದಲು ಉಟ್ಟ ಬಟ್ಟೆಯ ಮೇಲೆ ಕೈಮಗ್ಗದ ಗುರುತು ಇದೆಯೇ ನೋಡಿ. ನೇಯ್ದವರು ಯಾರು ಎಂದು ಅಂಗಡಿಯಲ್ಲಿ ಒಮ್ಮೆ ಕೇಳಿ. ಸಾಧ್ಯವಾದರೆ ಚೌಕಾಸಿ ಬಿಡಿ.

ಮೊದಲ ಸಲ ತನ್ನ ಹೆಸರಿಗೆ ಬಂದ ಮಜೂರಿಯನ್ನು ದೊಡ್ಡವ್ವ ಎರಡು ಸಲ ಎಣಿಸಿದಳು. ಆಮೇಲೆ ನನ್ನನ್ನು ಕರೆದು ಕೇಳಿದಳು: ‘ಖರೇನ ಇದು ನಂದಾ ತಂಗೀ, ಇಲ್ಲಾ ನಿಮ್ಮ ದೊಡ್ಡಪ್ಪಗ ಕೊಡಬೇಕಾ?’