ರಿಪೋರ್ಟ್ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ

ಜ್ಞಾನಭಾರತಿ ಮೆಟ್ರೊ ನಿಲ್ದಾಣದಿಂದ ಕೆಂಗೇರಿಯ ಕಡೆ ಹೋಗಿ, ನಾಗರಬಾವಿಯ ಕಡೆ ಹೋಗಿ, ಮೆಡಿಕಲ್ ಶಾಪಿನಲ್ಲಿ ಕೇಳುವ ಮಾತು ಒಂದೇ: ‘ಗ್ಯಾಸ್ಟ್ರಿಕ್‌ಗೆ ಏನಾದರೂ ಕೊಡಿ’. ಎದೆಯುರಿ, ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಎಲ್ಲಕ್ಕೂ ಅದೇ ಕ್ಯಾಪ್ಸೂಲ್. ಅದರ ಹೆಸರಿನ ಕೊನೆಗೆ ‘ಡಿ’ ಇದ್ದರೆ ಸಾಮಾನ್ಯವಾಗಿ ಅದು ಡೊಂಪೆರಿಡೋನ್. ಆಮ್ಲ ತಗ್ಗಿಸುವ ಮದ್ದಿನ ಜೊತೆಗೆ, ಜಠರದ ಚಲನೆ ಚುರುಕಾಗಲೆಂದು ಬೆರೆಸಿದ್ದು. ಚಲನೆ ಕೆಟ್ಟಿದೆಯೇ ಎಂದು ಯಾರೂ ನೋಡಿರುವುದಿಲ್ಲ. ಅದಕ್ಕೆ ಮದ್ದು ಮಾತ್ರ ನಡೆಯುತ್ತಿರುತ್ತದೆ.

ಅನ್ನನಾಳದಿಂದ ಗುದದವರೆಗೆ ಜೀರ್ಣಾಂಗದ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ತಾಳ ಹಾಕುವವು ಕಹಾಲ್ ಕೋಶಗಳು: ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಅಲೆ, ಸಣ್ಣ ಕರುಳಿನ ಆರಂಭದಲ್ಲಿ ಸುಮಾರು 12. ಹೊಟ್ಟೆ ಖಾಲಿಯಿದ್ದಾಗ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ದೊಡ್ಡ ಅಲೆಗಳು ಹೊರಟು ಉಳಿದ ಚೂರುಗಳನ್ನು ಮುಂದಕ್ಕೆ ತಳ್ಳುತ್ತವೆ. ಆಗಾಗ ಏನಾದರೂ ಬಾಯಾಡಿಸುತ್ತಿದ್ದರೆ ಈ ಸ್ವಚ್ಛತೆಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಎಂಡೋಸ್ಕೋಪಿಯಲ್ಲಿ ಹುಣ್ಣು, ಗಡ್ಡೆ ಕಾಣುತ್ತವೆ. ಅಲೆಗಳ ಲಯ ಕಾಣುವುದಿಲ್ಲ. ಹಾಗೆಂದು ಎಂಡೋಸ್ಕೋಪಿಯನ್ನು ಬಿಡುವಂತಿಲ್ಲ. ದಾರಿಯಲ್ಲಿ ಅಡ್ಡಿ ಏನೂ ಇಲ್ಲವೆಂದು ಖಚಿತವಾದ ಮೇಲೆಯೇ ಚಲನೆಯ ದೋಷವನ್ನು ಹುಡುಕಬೇಕು.

ಅಕಲೇಸಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಅನ್ನನಾಳದ ಕೆಳತುದಿಯ ಸ್ನಾಯುಬಳೆ, ನುಂಗಿದಾಗ ಸಡಿಲವಾಗಬೇಕಾದದ್ದು, ಬಿಗಿಯಾಗಿಯೇ ಉಳಿಯುತ್ತದೆ. ಅನ್ನವಷ್ಟೇ ಅಲ್ಲ, ನೀರು ಕೂಡ ಎದೆಯಲ್ಲಿ ನಿಂತಂತಾಗುತ್ತದೆ. ಮಲಗಿದರೆ ಉಂಡದ್ದು ಬಾಯಿಗೆ ಬರುತ್ತದೆ. ಅನೇಕರು ಇದನ್ನು ಆಮ್ಲದ ತೊಂದರೆ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿರುತ್ತಾರೆ. ಇದನ್ನು ಹಿಡಿದುಕೊಡುವುದು ಮ್ಯಾನೊಮೆಟ್ರಿ. ಒಂದೊಂದು ಸೆಂಟಿಮೀಟರಿಗೆ ಒತ್ತಡ ಅಳೆಯುವ ಸಂವೇದಕಗಳಿರುವ ತೆಳ್ಳನೆಯ ಕೊಳವೆಯನ್ನು ಮೂಗಿನಿಂದ ಇಳಿಸಿ, ಗುಟುಕು ಗುಟುಕಾಗಿ ನೀರು ನುಂಗಿಸುತ್ತಾರೆ. ಪ್ರತಿ ಗುಟುಕಿನ ಒತ್ತಡ ಪರದೆಯ ಮೇಲೆ ಬಣ್ಣಗಳಲ್ಲಿ ಮೂಡುತ್ತದೆ. ಕಾಯಿಲೆ ಮೂರು ಬಗೆಯಲ್ಲಿ ಯಾವುದೆಂಬುದೂ ಅದರಿಂದಲೇ ತಿಳಿಯುವುದು.

ಚಿಕಿತ್ಸೆಯೆಂದರೆ ಬಲೂನಿನಿಂದ ಆ ಬಳೆಯನ್ನು ಹಿಗ್ಗಿಸುವುದು, ಇಲ್ಲವೇ ಸ್ನಾಯುವನ್ನು ಸೀಳುವುದು. ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ 1913ರಲ್ಲಿ ಶಸ್ತ್ರಕ್ರಿಯೆಯಿಂದ ಸೀಳಿದ್ದರು. 2008ರಲ್ಲಿ ಜಪಾನಿನ ಹರುಹಿರೊ ಇನೊವೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಹೊರಗೆ ಗಾಯವೇ ಇಲ್ಲದಂತೆ ಅದೇ ಕೆಲಸ ಮಾಡಿದರು. ‘ಪೋಯಮ್’ ಎಂಬ ಈ ವಿಧಾನ ಈಗ ನಮ್ಮ ದೇಶದಲ್ಲೂ ಚಾಲ್ತಿಯಲ್ಲಿದೆ. ಇದಾದ ಮೇಲೆ ಕೆಲವರಿಗೆ ಆಮ್ಲ ಮೇಲೇರುವ ತೊಂದರೆ ಬರುವುದುಂಟು.

ಜಠರದ್ದು ಬೇರೆ ಕಥೆ. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ವೇಗಸ್ ನರ ಹಾಳಾದರೆ ಊಟ ಜಠರದಲ್ಲೇ ತಂಗುತ್ತದೆ. ಅಳೆಯಲು, ಅತ್ಯಲ್ಪ ವಿಕಿರಣಶೀಲ ಟೆಕ್ನೀಶಿಯಂ ಬೆರೆಸಿದ ಆಹಾರ ತಿನ್ನಿಸಿ ಕ್ಯಾಮೆರಾದಿಂದ ಅದರ ಜಾಡು ಹಿಡಿಯುತ್ತಾರೆ. ವಿದೇಶಗಳಲ್ಲಿ ಅದು ಮೊಟ್ಟೆ, ಬ್ರೆಡ್ಡು; ನಮ್ಮ ದೇಶದ ಕೆಲವೆಡೆ ಇಡ್ಲಿ. ಮೊಟ್ಟೆಯ ಪರೀಕ್ಷೆಯಲ್ಲಿ ನಾಲ್ಕು ಗಂಟೆಯ ನಂತರವೂ ಶೇಕಡಾ 10ಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನವಾಗಿದೆ ಎಂದರ್ಥ. ಇಂಥವರಿಗೆ ನಾರು ಹೆಚ್ಚಿರುವ ಸೊಪ್ಪುಸದೆ, ಜಿಡ್ಡು ಎರಡೂ ಕಷ್ಟ. ಸ್ವಲ್ಪ ಸ್ವಲ್ಪವೇ ಹಲವು ಬಾರಿ ಉಣ್ಣುವುದು, ಸಕ್ಕರೆ ಹತೋಟಿ, ಉಂಡ ಮೇಲೆ ನಿಧಾನವಾಗಿ ನಡೆಯುವುದು ನೆರವಾಗುತ್ತವೆ.

ಮದ್ದಿನ ವಿಷಯದಲ್ಲಿ ಎಚ್ಚರ ಬೇಕು. ಡೊಂಪೆರಿಡೋನ್ ಕೆಲವರ ಹೃದಯದ ಲಯ ಕೆಡಿಸಬಲ್ಲದು. ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದನ್ನು ವಾಕರಿಕೆ, ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಬಳಸಿ ಎಂದಿತು. ನಮ್ಮಲ್ಲಿ ಆಮ್ಲದ ಮದ್ದಿನೊಂದಿಗೇ ಬರುವ ಲೆವೊಸಲ್ಪಿರೈಡ್‌ನಿಂದ ವಯಸ್ಸಾದವರಿಗೆ ಪಾರ್ಕಿನ್ಸನ್ ಕಾಯಿಲೆಯಂತೆ ಕೈ ನಡುಗಬಹುದು, ಮೈ ಬಿಗಿಯಬಹುದು. ಚಲನೆ ಚುರುಕುಗೊಳಿಸುವ ಮದ್ದುಗಳೇ ಆದ ಸಿಸಾಪ್ರೈಡ್, ಟೆಗಾಸೆರೋಡ್ ಎರಡನ್ನೂ ಭಾರತ 2011ರಲ್ಲಿ ನಿಷೇಧಿಸಿತು.

ಮಲಬದ್ಧತೆಯಲ್ಲೂ ಅಳತೆ ಮುಖ್ಯ. ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಉಂಗುರಗಳನ್ನು ನುಂಗಿಸಿ, ದೊಡ್ಡ ಕರುಳಿನಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುತ್ತಾರೆ. ಪಾಶ್ಚಾತ್ಯರಲ್ಲಿ ಐದನೆಯ ದಿನ ಎಕ್ಸ್‌ರೇ ತೆಗೆಯುವ ರೂಢಿಯಿದೆ. ಭಾರತೀಯರ ಕರುಳು ಅದಕ್ಕಿಂತ ಬೇಗ ಸಾಗಿಸುತ್ತದೆ. ಹಾಗಾಗಿ ಲಖನೌನ ಉದಯ್ ಘೋಷಾಲ್ ಮತ್ತು ಸಂಗಡಿಗರು 12 ಗಂಟೆಗೊಮ್ಮೆ 20ರಂತೆ ಮೂರು ಸಲ ನುಂಗಿಸಿ, 36 ಮತ್ತು 60ನೆಯ ಗಂಟೆಗೆ ಎಣಿಸುವ ಕ್ರಮ ತಂದರು. ಇನ್ನು ಕೆಲವರಿಗೆ ಕರುಳು ಸರಿಯಿದ್ದು ಬಾಗಿಲಿನದೇ ತೊಂದರೆ: ತಿಣುಕುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯುತ್ತದೆ. ಇದಕ್ಕೆ ಇಸಬ್ಗೋಲ್, ಭೇದಿಮಾತ್ರೆ ಸಾಲುವುದಿಲ್ಲ. ಪರದೆಯ ಮೇಲೆ ತನ್ನದೇ ಸ್ನಾಯುವಿನ ಒತ್ತಡ ನೋಡುತ್ತ ಸಡಿಲಿಸಲು ಕಲಿಯುವ ಬಯೋಫೀಡ್‌ಬ್ಯಾಕ್ ತರಬೇತಿ ಹೆಚ್ಚಿನವರಿಗೆ ಫಲ ಕೊಡುತ್ತದೆ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ನುಂಗಲು ಕಷ್ಟ, ನಿಲ್ಲದ ವಾಂತಿ ಕಂಡರೆ ಕಾಯಬೇಡಿ. ವೈದ್ಯರ ಬಳಿ ಹೋಗುವಾಗ ನಿತ್ಯ ನುಂಗುವ ಮಾತ್ರೆಗಳ ಪಟ್ಟಿಯೂ ಜೊತೆಗಿರಲಿ. ಕಬ್ಬಿಣ, ಕ್ಯಾಲ್ಸಿಯಂ, ಕೆಲವು ಬಿಪಿ ಮಾತ್ರೆ, ಬಲವಾದ ನೋವಿನ ಮದ್ದು ಕರುಳನ್ನು ನಿಧಾನಗೊಳಿಸುತ್ತವೆ. ಒಂದನ್ನು ಬದಲಿಸಿದರೇ ಕೆಲವರ ತೊಂದರೆ ತೀರುತ್ತದೆ, ಹೊಸದೊಂದು ಕ್ಯಾಪ್ಸೂಲ್ ಬೇಕಾಗುವುದಿಲ್ಲ.